ಗ್ಯಾರೇಜಿನಲ್ಲಿಟ್ಟ ಕೋರಾ

ನಾವು ಮೆಲ್ಬರ್ನ್‌ನ ಟ್ರುಗನಿನಾದಲ್ಲಿದ್ದಾಗ ಪಕ್ಕದ ಮನೆಯವರು ಪಶ್ಚಿಮ ಆಫ್ರಿಕಾದ ಮಾಂಡಿಂಗೊ ಜನ. ಯಜಮಾನರಿಗೆ ಗೋದಾಮಿನಲ್ಲಿ ಕೆಲಸ; ಹುಟ್ಟಿನಿಂದ ಅವರು ಗ್ರಿಯೊ ಮನೆತನದವರು. ವಂಶಗಳ ಕತೆಯನ್ನು ಬಾಯಲ್ಲಿಟ್ಟುಕೊಂಡು, ಮಗುವಿಗೆ ಹೆಸರಿಡುವಾಗ, ಯಾರಾದರೂ ತೀರಿಕೊಂಡಾಗ ಹಾಡುವುದು ಆ ಮನೆತನದ ಕಸುಬು. "ಸುಳ್ಳು ಹಾಡಿದ್ರೆ ನಮ್ಮ ನಾಲಿಗೆಗೆ ಬೆಲೆ ಇಲ್ಲ ಅಂಕಲ್," ಎನ್ನುತ್ತಿದ್ದರು.

ನಮ್ಮ ಧಾರವಾಡದ ಕಡೆ ಹೆಳವರು ಸುಗ್ಗಿ ಮುಗಿದ ಮೇಲೆ ಎತ್ತಿನ ಮೇಲೆ ಬಂದು ನಮ್ಮ ಮುತ್ತಜ್ಜಂದಿರ ಹೆಸರು ಹೇಳುತ್ತಿದ್ದುದನ್ನು ನಾನು ವಿವರಿಸಿದೆ. ಅವರ ಮುಖ ಅರಳಿತು. ಹೆಳವನನ್ನು ನಾವು ಹೊಸ್ತಿಲು ದಾಟಗೊಡುತ್ತಿರಲಿಲ್ಲ, ಕಾಳು ಕೊಟ್ಟು ಕಟ್ಟೆಯಿಂದಲೇ ಕಳಿಸುತ್ತಿದ್ದೆವು ಎಂಬುದನ್ನು ಮಾತ್ರ ಹೇಳಲಿಲ್ಲ.

ಜನವರಿಯಲ್ಲಿ ಸಿಡ್ನಿಯಲ್ಲಿದ್ದ ಅವರ ಅಣ್ಣನ ಕಾಯಿಲೆ ಬಿಗಡಾಯಿಸಿತು. ಮನೆಮಂದಿಯೆಲ್ಲ ಹೊರಟರು. ಹೊರಡುವ ಮುನ್ನ ಬಿಳಿ ಬಟ್ಟೆಯಲ್ಲಿ ಸುತ್ತಿದ ಕೋರಾ ತಂದುಕೊಟ್ಟರು. ದೊಡ್ಡ ಸೋರೆಬುರುಡೆಗೆ ಆಕಳ ಚರ್ಮ ಬಿಗಿದು, ಉದ್ದನೆಯ ಕೋಲಿಗೆ ತಂತಿ ಕಟ್ಟಿದ ವಾದ್ಯ, ಅವರ ತಾತನದು. ಪ್ರಾರ್ಥನೆ ಹೇಳದೆ ಅವರು ಅದನ್ನು ಮುಟ್ಟುತ್ತಿರಲಿಲ್ಲ. ವಿಮಾನದವರ ಕೈಗೆ ಒಪ್ಪಿಸಲು ಮನಸ್ಸಿಲ್ಲ, ಬೀಗ ಹಾಕಿದ ಮನೆಯಲ್ಲಿ ಒಂಟಿಯಾಗಿ ಬಿಡುವ ರೂಢಿಯಿಲ್ಲ.

"ನಿಮ್ಮಲ್ಲಿ ದೇವ್ರ ರೂಮ್ ಇದೆಯಲ್ಲ ಅಂಕಲ್, ಅಲ್ಲಿಡಿ. ಅಲ್ಲಿದ್ರೆ ನಂಗೆ ಚಿಂತೆ ಇಲ್ಲ."

ಆಯಿತು ಎಂದೆ. ಅವರ ಕಾರು ಮರೆಯಾದ ಮೇಲೆ ಅದನ್ನು ಗ್ಯಾರೇಜಿಗೆ ಒಯ್ದೆ. ಹೆಂಡತಿ ನೋಡಿದಳು.

"ಅಲ್ಯಾಕ ಇಡ್ತೀರಿ?"

"ಆಕಳ ಚರ್ಮ ಅದ. ದೇವರ ಮುಂದ ಹೆಂಗ ಇಡೋದು?"

"ಭಜನಿಯೊಳಗ ನೀವು ಬಡಿಯೂ ತಬಲಾಕ್ಕ ಏನ್ ಹಚ್ಚ್ಯಾರ, ಹೋಳಿಗೀನ?"

"ನಿನಗ ತಿಳಿಯೂದಿಲ್ಲ, ಸುಮ್ನಿರು."

ಆ ವಾರ ಬಿಸಿಲು ನಲವತ್ತು ದಾಟಿತು. ಗ್ಯಾರೇಜಿನ ತಗಡಿನ ಬಾಗಿಲು ಮುಟ್ಟಿದರೆ ಕೈ ಸುಡುತ್ತಿತ್ತು. ಕೋರಾದ ನೆನಪಾಗಿ ಹೋಗಿ ಬಟ್ಟೆ ಬಿಚ್ಚಿದರೆ ಚರ್ಮ ಅಂಚಿನಿಂದ ಅಂಚಿಗೆ ಹರಿದಿತ್ತು, ಬುರುಡೆ ಸೀಳಿತ್ತು. ಮತ್ತೆ ಸುತ್ತಿ, ದೇವರ ಕೋಣೆಗೆ ತಂದಿಟ್ಟೆ.

"ಈಗ ಒಳಗ ಬಂತೇನು?" ಎಂದಳು ಹೆಂಡತಿ.

ಅಣ್ಣನನ್ನು ಮಣ್ಣು ಮಾಡಿ ಅವರು ಹಿಂದಿರುಗಿದರು. ನಮ್ಮ ದೇವರ ಮುಂದೆಯೇ ಕೂತು ಬಟ್ಟೆ ಬಿಚ್ಚಿದರು.

"ಇಲ್ಲೇ ಇತ್ತಾ ಅಂಕಲ್?"

"ಇಲ್ಲೇ ಇತ್ತು."

ಹರಿದ ಚರ್ಮದ ಮೇಲೆ ಅಂಗೈ ಇಟ್ಟರು. "ಅಣ್ಣ ಹೋದದ್ದು ಇದಕ್ಕೆ ಗೊತ್ತಾಗಿದೆ," ಎಂದು ಅತ್ತರು.

ನಲವತ್ತನೆಯ ದಿನದ ಕೂಟಕ್ಕೆ ನಮ್ಮನ್ನೂ ಕರೆದಿದ್ದರು. ಬೇರೆ ಯಾರದೋ ಕೋರಾ ಹಿಡಿದು ಅಣ್ಣನ ವಂಶ ಹಾಡಿದರು. ನಮಗಾಗಿ ಕೊನೆಯದನ್ನು ಇಂಗ್ಲಿಷಿನಲ್ಲಿ ಹೇಳಿದರು: ಅಣ್ಣ ಸತ್ತ ದಿನ ತಾತನ ಕೋರಾ ನೆರೆಯವರ ದೇವರ ಮುಂದೆ ಎದೆಯೊಡೆದುಕೊಂಡಿತು, ಆ ನೆರೆಯವರು ಅದನ್ನು ತಮ್ಮದೆಂಬಂತೆ ಕಾಯ್ದರು. ಎಲ್ಲರೂ ನನ್ನತ್ತ ತಿರುಗಿದರು. ಮುದುಕರೊಬ್ಬರು ಎದ್ದು ಬಂದು ನನ್ನ ಕೈ ಹಿಡಿದುಕೊಂಡರು. ಹೆಂಡತಿ ತಲೆ ಎತ್ತಲಿಲ್ಲ.

ಈಗ ನಾವು ಸಿಡ್ನಿಯ ದಿ ಪಾಂಡ್ಸ್‌ನಲ್ಲಿ ಮಗಳ ಮನೆಯಲ್ಲಿದ್ದೇವೆ. ಮೊನ್ನೆ ಆ ಹಳೆಯ ನೆರೆಯವರ ಫೋನ್ ಬಂತು. "ನನ್ನ ಮಗಳು ಅಣ್ಣನ ಹಾಡು ಪೂರ್ತಿ ಕಲಿತಳು ಅಂಕಲ್. ನಾಳೆ ಅವಳ ಮಕ್ಕಳಿಗೂ ಇದೇ. ಕೇಳಿ, ತಪ್ಪಿದ್ರೆ ಹೇಳಿ." ಹುಡುಗಿ ಹಾಡಿದಳು; ಗೊತ್ತಿಲ್ಲದ ಭಾಷೆಯ ನಡುವೆ ನನ್ನ ಹೆಸರು ಸ್ಪಷ್ಟವಾಗಿ ಕೇಳಿಸಿತು.

"ಸರಿಯಾಗಿದೆ," ಎಂದೆ.

ಸರಿಯಿರಲಿಲ್ಲ. ಅದನ್ನು ಇಲ್ಲಿ ಬರೆಯುತ್ತಿದ್ದೇನೆ; ಅವರಿಗೆ ಕನ್ನಡ ಬರುವುದಿಲ್ಲ.