ಶುಕ್ರವಾರ ಶಾಲೆ ಬಿಟ್ಟ ಮೇಲೆ

“ಐದು ಭಾನುವಾರ ಆಯ್ತು. ಮಗಳನ್ನ ನೋಡೋಕೆ ಒಂದ್ಸಲನೂ ಬಂದಿಲ್ಲ ಅಂತಾರೆ. ಯಾಕಪ್ಪಾ?” ಎಂದು ಜಡ್ಜ್ ಮೇಡಂ ಕೇಳಿದರು.

“ಶುಕ್ರವಾರ ಹೋಗಿದ್ದೆ ಮೇಡಂ. ಐದು ಸಲನೂ.”

ನಾನು ಭೇಟಿಗೆ ಬರುವುದಿಲ್ಲ, ಅದನ್ನು ರದ್ದು ಮಾಡಿ ಎಂದು ಹೆಂಡತಿ ಅರ್ಜಿ ಹಾಕಿದ್ದಳು. ನಾವು ಬೇರೆಯಾಗಿ ಒಂದು ವರ್ಷವಾಗಿತ್ತು. ಮಗಳು ಮೂರನೇ ಕ್ಲಾಸು, ನಾಪೋಕ್ಲಿನಲ್ಲಿ ಅಜ್ಜಿ ಮನೆಯಲ್ಲಿ ತಾಯಿಯ ಜೊತೆ ಇದ್ದಳು.

ತಪ್ಪು ನನ್ನದೇ. ನಾನು ಗಾಳಿಬೀಡಿನ ಕಡೆ ಕಾಫಿ ಎಸ್ಟೇಟಿನಲ್ಲಿ ಕೆಲಸ ಮಾಡುವವನು, ಅಲ್ಲಿನ ಕೂಲಿಯವರ ಲೈನ್ ಮನೆಯಲ್ಲೇ ಇರುವವನು. ಮಡಿಕೇರಿ ಸಂತೆ ಶುಕ್ರವಾರ, ಹಾಗಾಗಿ ನಮಗೆ ರಜೆಯೂ ಶುಕ್ರವಾರ. ಭಾನುವಾರ ಕೆಲಸ ಇರುತ್ತದೆ. ವಕೀಲರು ಒಪ್ಪಂದದ ಕಾಗದ ಓದುವಾಗ ತಿಂಗಳ ಖರ್ಚಿನ ಸಾಲಿಗೆ ಮಾತ್ರ ಕಿವಿ ಕೊಟ್ಟೆ. ಭೇಟಿ ಭಾನುವಾರ ಎಂಬುದೂ ಸೇರಿ ಉಳಿದದ್ದಕ್ಕೆಲ್ಲ ಹೂಂ ಅಂದೆ, ಸೈನ್ ಹಾಕಿದೆ. ಆಮೇಲೆ ಎಸ್ಟೇಟಿನಲ್ಲಿ ನಮ್ಮ ಹಾಜರಿ ಬರೆಯುವ ರೈಟರನ್ನು ಭಾನುವಾರ ರಜೆ ಕೇಳಿದೆ.

“ಪಿಕಿಂಗ್ ಟೈಮಲ್ಲಿ ನೀನು ಹೋದ್ರೆ ಮೂಟೆ ಯಾರು ಹೊರೋದು? ನಿನ್ನ ಮಾವನಾ?” ಎಂದ.

ಅದಕ್ಕೇ ಶುಕ್ರವಾರ ಹೋಗುತ್ತಿದ್ದೆ. ಗೇಟಿನಲ್ಲಿ ಅತ್ತೆ. “ಕಾಗದದಲ್ಲಿ ಭಾನುವಾರ ಅಂತ ಉಂಟು. ಮಗು ಶಾಲೇಲಿದೆ. ಹೋಗಿ.” ಹೋಗುತ್ತಿದ್ದೆ.

ಜಡ್ಜ್ ಮೇಡಂ ನಮ್ಮಿಬ್ಬರನ್ನೂ ಹೊರಗೆ ಕಳಿಸಿ ಮಾತಾಡಿಕೊಂಡು ಬರಲು ಹೇಳಿದರು. ವರಾಂಡದಲ್ಲಿ ನಿಂತೆವು.

“ಶುಕ್ರವಾರ ಬಂದಿದ್ದು ನಿಜವಾ?” ಹೆಂಡತಿ ಕೇಳಿದಳು.

“ನಿನ್ನ ಅಮ್ಮನ್ನ ಕೇಳು.”

“ಅಮ್ಮ ಹೇಳ್ಲೇ ಇಲ್ಲ. ಭಾನುವಾರ ಆಗಲ್ಲ ಅಂದ್ರೆ, ಸರಿಯಾಗಿ ಕೇಳಿಸ್ಕೊಳ್ದೆ ಯಾಕೆ ಸೈನ್ ಹಾಕಿದ್ರಿ?”

“ಹಾಕ್ಬಿಟ್ಟೆ.”

“ಮದುವೆನೂ ಹಂಗೇ ಮಾಡ್ಕೊಂಡ್ರಿ.”

ನಗು ಬಂತು, ತಡೆದುಕೊಂಡೆ. ಅವಳೂ ತಡೆದುಕೊಂಡಳು ಅನಿಸುತ್ತದೆ.

“ಶುಕ್ರವಾರ ಶಾಲೆ ಬಿಡೋ ಹೊತ್ತಿಗೆ ಬರ್ತೀನಿ. ರಾತ್ರಿ ನನ್ನ ಜೊತೆ ಇರ್ಲಿ,” ಎಂದೆ.

“ಲೈನ್ ಮನೇಲಾ? ನಿಮ್ಮವರು ಇಸ್ಪೀಟ್ ಆಡ್ತಾ ಕೂತಿರ್ತಾರೆ. ಬೇಡ. ಏಳು ಗಂಟೆಗೆ ಮನೆಗೆ ಬಿಡಿ.”

ಇಡೀ ಭಾನುವಾರ ಹೋಗಿ ಬರೀ ಮೂರು ತಾಸು ಉಳಿಯಿತು. ಜಗಳ ಆಡಬಹುದಿತ್ತು. ಆದರೆ ಇಸ್ಪೀಟಿನ ವಿಷಯ ಸುಳ್ಳಲ್ಲ. ಒಪ್ಪಿದೆ.

ಒಳಗೆ ಹೋಗಿ ಹೇಳಿದೆವು. ಜಡ್ಜ್ ಮೇಡಂ ಒಪ್ಪಿದ ಮೇಲೆ ವಕೀಲರು ಹೊಸ ಕಾಗದ ಮುಂದಿಟ್ಟು ಪೆನ್ನು ಕೊಟ್ಟರು.

“ಓದಿ ಸಾರ್.”

“ಅದೇ ಕಣಯ್ಯ, ನೀವಿಬ್ಬರು ಹೇಳಿದ್ದೇ. ನನ್ನ ಮೇಲೆ ನಂಬಿಕೆ ಇಲ್ವಾ?”

“ಇದೆ ಸಾರ್. ನಿಧಾನಕ್ಕೆ ಓದಿ.”

ಓದಿದರು. ಎರಡು ಸಲ ಓದಿಸಿದೆ. ಆಮೇಲೆ ಸೈನ್ ಹಾಕಿದೆ.

ಶಾಲೆ ಬಿಡುವುದು ನಾಲ್ಕಕ್ಕೆ. ಮುಂದಿನ ಶುಕ್ರವಾರ ಮೂರೂವರೆಗೇ ಶಾಲೆಯ ಮುಂದೆ ನಿಂತಿದ್ದೆ. ಮಗಳು ಬಂದು ಬ್ಯಾಗನ್ನು ನನ್ನ ಕೈಗೆ ಕೊಟ್ಟಳು. “ಇಷ್ಟು ದಿನ ಯಾಕೆ ಬರ್ಲಿಲ್ಲ ಅಪ್ಪ?” ಎಂದಳು. ದಿನ ತಪ್ಪಾಯಿತು ಎಂದೆ. “ಯಾರು ತಪ್ಪು ಮಾಡಿದ್ದು?” “ನಾನು.” ಸರಿ ಎಂದು ತಲೆ ಆಡಿಸಿದಳು. ಬೇಕರಿಯಲ್ಲಿ ಪಫ್ಸ್ ತಿಂದಳು, ಅಲ್ಲೇ ಮೇಜಿನ ಮೇಲೆ ಮಗ್ಗಿ ಬರೆದಳು. ಅದಕ್ಕೇ ಒಂದು ಗಂಟೆ ಹೋಯಿತು. ಪಕ್ಕದಲ್ಲಿ ಕೂತು ನೋಡಿದೆ. ಏಳಕ್ಕೆ ಮೊದಲೇ ಮನೆಗೆ ಬಿಟ್ಟೆ. ಈಗ ಪ್ರತಿ ಶುಕ್ರವಾರ ಹೀಗೆಯೇ. ಅಷ್ಟೇ, ಇದಕ್ಕಿಂತ ಹೆಚ್ಚು ಹೇಳುವುದು ಏನೂ ಇಲ್ಲ.