ಎನಾಕನ ಆರಡಿ ಮೂರಡಿ

ನಮ್ಮ ಮಜೋವೆ ಸೀಮೆಯಲ್ಲಿ ಎನಾಕ್ ಚಿಸಾಲೆಯನ್ನು ಎಲ್ಲರೂ ಬ್ಲಾಂಟೈರಿನವನು ಅಂತಲೇ ಕರೆಯುತ್ತಿದ್ದರು. ಮಲಾವಿ ದೇಶದ ಆ ಊರನ್ನು ಅವನು ಕನಸಿನಲ್ಲೂ ಕಂಡವನಲ್ಲ. ಹೊಗೆಸೊಪ್ಪಿನ ಕೆಲಸಕ್ಕೆಂದು ಬಿಳಿಯರು ಅಲ್ಲಿಂದ ಕರೆತಂದದ್ದು ಅವನ ಅಪ್ಪನನ್ನು. ಎನಾಕ್ ಹುಟ್ಟಿದ್ದು, ಟ್ರ್ಯಾಕ್ಟರ್ ಓಡಿಸಿ ಮುದುಕನಾದದ್ದು ಎಲ್ಲ ಈ ತೋಟದಲ್ಲೇ. ಸ್ವಾತಂತ್ರ್ಯ ಬಂದು ದೇಶ ಜಿಂಬಾಬ್ವೆ ಆಯಿತು, ಆಮೇಲೆ ಬಿಳಿಯರ ತೋಟಗಳೂ ನಮ್ಮವರ ಪಾಲಾದವು. ಅವನು ಮಾತ್ರ ಪರದೇಶಿಯಾಗಿಯೇ ಉಳಿದ. ಇದ್ಯಾವ ಲೆಕ್ಕವೋ ನನಗಂತೂ ತಿಳಿಯದು.

ಕಳೆದ ಚಳಿಗಾಲದಲ್ಲಿ ಸತ್ತ. ತಾನು ಹುಟ್ಟಿದ ಗುಡಿಸಲಿದ್ದ ಜಾಗದಲ್ಲೇ ಮಣ್ಣಾಗಬೇಕು ಅನ್ನುವುದೊಂದೇ ಅವನ ಆಸೆ. ಆ ಜಾಗ ಈಗ ಜೋಳದ ಹೊಲ. ತೋಟದ ಹೊಸ ಯಜಮಾನ ಮುಚೆಮ್ವಾ ಅಡ್ಡ ನಿಂತ.

"ಇವತ್ತು ಗೋರಿ ಕಟ್ತೀರಿ. ನಾಳೆ ಅವನ ಮಕ್ಕಳು ಬಂದು ನೆಲ ನಮ್ದು ಅಂತಾರೆ. ಪೇಟೆ ಸ್ಮಶಾನಕ್ಕೆ ತಗೊಂಡೋಗಿ."

ನಾನು ಎನಾಕನ ಸಹ್ವಿರಾ. ಅವನ ಕುಲ ಕೇಳದೆ ನಮ್ಮಪ್ಪ ಕಟ್ಟಿದ ನಂಟು ಅದು. ಸಾವಿನ ಮನೆಯಲ್ಲಿ ಸತ್ತವರ ಬಟ್ಟೆ ತೊಟ್ಟು, ಅವರಂತೆಯೇ ಮಾತಾಡಿ, ಅಳುವವರನ್ನು ನಗಿಸುವುದು ಸಹ್ವಿರಾ ಆದವಳ ಕೆಲಸ. ಆಗ ನಾವು ಏನಂದರೂ ಯಾರೂ ಸಿಟ್ಟಾಗುವಂತಿಲ್ಲ. ಎನಾಕನ ಹರಿದ ಕೋಟು ತೊಟ್ಟು, ಅವನ ಹಾಗೇ ಕುಂಟುತ್ತಾ ಮುಚೆಮ್ವಾನ ಎದುರು ನಿಂತೆ.

"ಯಜಮಾನ್ರೇ, ನಾನು ಎನಾಕ. ಕೂಲಿ ಕೇಳಕ್ಕೆ ಬಂದಿಲ್ಲ, ಹೆದರಬೇಡಿ."

ಜನ ಗೊಳ್ಳೆಂದರು. ಮುಚೆಮ್ವಾನೂ ಹಲ್ಲು ಬಿಟ್ಟ.

"ಈ ತೋಟ ನಿಮಗೆ ಹೆಂಗೆ ಸಿಕ್ತು, ಹೇಳಿ ನೋಡೋಣ?"

"ನಮ್ಮಜ್ಜನ ಗೋರಿ ಇಲ್ಲೇ ಇದೆಯಲ್ಲೋ ಎನಾಕ! ಅದನ್ನ ತೋರಿಸೇ ತಗೊಂಡೆ," ಎಂದ, ಎದೆ ಉಬ್ಬಿಸಿ.

"ಅದರ ಮೇಲೇ ಉಳು ಅಂತ ಬಿಳಿ ದೊರೆ ಅಂದಾಗ, ಸುತ್ತು ಹಾಕಿ ಉತ್ತವನು ಯಾರು? ಅದಕ್ಕೆ ಒದೆ ತಿಂದು ಕುಂಟಾದ ಕಾಲು ಯಾರ್ದು, ಯಜಮಾನ್ರೇ?"

ಯಾರೂ ನಗಲಿಲ್ಲ. ಮುಚೆಮ್ವಾ ತಲೆ ತಗ್ಗಿಸಿದ.

"ಹೂಳ್ಕೊಳ್ಳಿ," ಎಂದ ಕೊನೆಗೆ. "ಆದ್ರೆ ಕಲ್ಲು ಗಿಲ್ಲು ಏನೂ ಇಡಬೇಡಿ. ಮಣ್ಣು ಮಟ್ಟ ಮಾಡಿ."

ಹಾಗೇ ಮಾಡಿದೆವು. ಗೆದ್ದೆ ಕಣೇ ಸೆಕಾಯಿ ಎಂದು ಹೆಂಗಸರು ಬೆನ್ನು ತಟ್ಟಿದರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಮಳೆ ಬಿದ್ದು ಉಳುಮೆ ಶುರುವಾದ ದಿನ ಹೊಲದ ಬದಿಯಲ್ಲಿ ಹೋಗಿ ನಿಂತೆ. ಟ್ರ್ಯಾಕ್ಟರ್ ಮುಚೆಮ್ವಾನ ಅಜ್ಜನ ಗೋರಿಯ ಹತ್ತಿರ ಬಂತು. ಎನಾಕ್ ಹಾಕಿಕೊಟ್ಟಿದ್ದ ದಾರಿಯಲ್ಲೇ ನಿಧಾನವಾಗಿ ಅದನ್ನು ಸುತ್ತಿಕೊಂಡು ಮುಂದೆ ಬಂತು. ಆಮೇಲೆ ಎನಾಕನ ಮೇಲೆ ನೇರವಾಗಿ ಹಾದುಹೋಯಿತು.