ಕಾಕು ದಿನಾ ಯಾಕೆ ಬರುತ್ತಿದ್ದರು?

ಎದುರುಮನೆಯ ಹಿರಿಯಾಕೆಯನ್ನು ಓಣಿಯೆಲ್ಲ ಕಾಕು, ಅಂದರೆ ಚಿಕ್ಕಮ್ಮ, ಎಂದೇ ಕರೆಯುತ್ತಿತ್ತು. ಅವರ ಎಡ ಅಂಗೈ ಗೆರೆಗಳಲ್ಲಿ ವಿಭೂತಿ ಕೂತುಬಿಟ್ಟಿತ್ತು, ಎಷ್ಟು ತೊಳೆದರೂ ಹೋಗುತ್ತಿರಲಿಲ್ಲ. ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟು ಪೂಜೆ ಮುಗಿಸುವ ತನಕ ಅವರು ಚಹಾ ಕೂಡ ಮುಟ್ಟುತ್ತಿರಲಿಲ್ಲ. ಅಷ್ಟು ಭಕ್ತಿ ಕಂಡರೆ ನನಗೆ ಮೊದಲಿನಿಂದಲೂ ಗುಮಾನಿ.

ನಮ್ಮ ಯಜಮಾನರು ದವಾಖಾನೆಯಲ್ಲಿದ್ದಾಗ ನಾನು ದೇವರನ್ನು ಬೇಡದ ಗಳಿಗೆ ಇರಲಿಲ್ಲ. ಅವರು ಉಳಿಯಲಿಲ್ಲ. ಕೊರಳಲ್ಲಿದ್ದ ಲಿಂಗ ತೆಗೆದು ಗೋಡೆಯ ಗೂಡಿನಲ್ಲಿಟ್ಟೆ. ಕೇಳಿಸಿಕೊಳ್ಳದವನ ಜೊತೆ ಇನ್ನೇನು ಮಾತು!

ಕೆಲವು ದಿನ ಕಳೆದ ಮೇಲೆ ಕಾಕು ವಚನದ ಪುಸ್ತಕ ಹಿಡಿದು ಬಂದರು. “ಒಂದೀಟು ಕೂಡಿ ಓದೂಣ ತಂಗಿ” ಅಂದರು. ಬಾಗಲಕೋಟೆ ನವನಗರದ ನಮ್ಮ ಓಣಿಯಲ್ಲಿ ಅದುವರೆಗೆ ನಮ್ಮದು ಹೂಂ, ಹಾಂ ಅನ್ನುವಷ್ಟೇ ಬಳಕೆ. ಬೇಡ ಅನ್ನಲಾಗದೆ ಚಾಪೆ ಹಾಸಿದೆ.

ದಿನಾ ಬರತೊಡಗಿದರು. ನಾನು ಗಡಗಡ ಓದಿದರೆ, “ತಡಿ, ಹಂಗ ನುಂಗಬ್ಯಾಡ” ಅಂತ ಬೆರಳಿಟ್ಟು ನಿಲ್ಲಿಸುತ್ತಿದ್ದರು. ಒಂದು ಸಾಲಿಗೆ ಒಂದು ವಾರ ಹಿಡಿದದ್ದೂ ಉಂಟು. ಇವರಿಗೆ ಬೇರೆ ಕೆಲಸವಿಲ್ಲವೇ? ನಮ್ಮ ಮನೆ ಸುದ್ದಿ ಓಣಿಗೆ ಒಯ್ಯುತ್ತಾರೆಯೇ? ಅಷ್ಟರಲ್ಲಿ ಒಂದು ದಿನ ನನ್ನ ಮಗಳ ಓದು ಯಾವಾಗ ಮುಗಿಯುತ್ತದೆ ಎಂದು ಕೇಳಿದರು. ಇಳಕಲ್ಲಿನಲ್ಲಿ ಅವರ ತಂಗಿಯ ಮಗ ಇನ್ನೂ ಮದುವೆಯಾಗದೆ ಇದ್ದ. ಹಾಂ, ಸಿಕ್ಕಿತು ಗುಟ್ಟು ಅಂದುಕೊಂಡೆ. ಪುಸ್ತಕ ಮುಚ್ಚಿದೆ.

“ಕಾಕು, ಖರೆ ಹೇಳ್ರಿ. ನಮ್ಮ ಹುಡುಗೀನ ನೋಡಾಕ ಬರಾಕತ್ತೀರೇನು?”

“ಅಯ್ಯ ನಮ್ಮವ್ವಾ! ಆ ಮೈಗಳ್ಳಗ ನಿನ್ನ ಮಗಳನ್ನ ಕೊಟ್ರ ಶಿವ ಮೆಚ್ಚತಾನೇನು?” ನಕ್ಕು ನಕ್ಕು ಕಣ್ಣೊರೆಸಿಕೊಂಡರು. ಆಮೇಲೆ ದನಿ ತಗ್ಗಿಸಿದರು.

“ಆದ್ರ ನಿನ್ನ ಗುಮಾನಿ ಪೂರ್ತಿ ಸುಳ್ಳಲ್ಲ. ನಾ ನಿನ್ನ ಸಲುವಾಗಿ ಬರಾಂಗಿಲ್ಲ. ಒಬ್ಬಾಕಿನ ಪೂಜೆಗೆ ಕುಂತ್ರ, ಆ ಕಡೆ ಯಾರೂ ಇಲ್ಲೇನೋ ಅನಸ್ತೈತಿ. ಭಾಳ ವರ್ಷ ಆತು. ನೀ ಲಿಂಗ ತಗದಿಟ್ಟಿ ಅಂತ ಗೊತ್ತಾತು. ಇಕಿ ಮುಂದ ಸುಳ್ಳು ಭಕ್ತಿ ನಡಿಯಂಗಿಲ್ಲ ಅಂತ ಬಂದೆ.”

ಇದೂ ನನ್ನನ್ನು ದಾರಿಗೆ ತರುವ ಹೊಸ ಉಪಾಯವಿರಬಹುದು ಅನ್ನಿಸಿತು. ಅವರ ಸುಳ್ಳನ್ನು ಎಲ್ಲಾದರೂ ಹಿಡಿಯಬೇಕೆಂದು ದಿನಾ ನಸುಕಿನಲ್ಲೇ ಎದ್ದು ಅಂದಿನ ಸಾಲು ಓದಿಕೊಳ್ಳತೊಡಗಿದೆ. ಹಿಡಿಯಲು ಏನೂ ಸಿಗಲಿಲ್ಲ. ಅವರಿಗೆ ತಿಳಿಯದ್ದನ್ನು ತಿಳಿಯದು ಅನ್ನುತ್ತಿದ್ದರು, ಅಷ್ಟೇ. ಒಂದು ಮುಂಜಾನೆ ಗೂಡಿನಿಂದ ಲಿಂಗ ತೆಗೆದು ಅಂಗೈಯಲ್ಲಿಟ್ಟು ಕೂತೆ. ಏನನ್ನೂ ಬೇಡಲಿಲ್ಲ. ಎಷ್ಟೋ ಹೊತ್ತು ಅತ್ತೆ, ಹಗುರಾಯಿತು. ಕಾಕುಗೆ ಮಾತ್ರ ಹೇಳಲಿಲ್ಲ. ಗೆದ್ದೆ ಅಂದುಕೊಂಡಾರು ಅಂತ.

ಹೋದ ವರ್ಷ ಅವರು ದವಾಖಾನೆ ಸೇರಿದರು. ಪುಸ್ತಕ ತೆಗೆದುಕೊಂಡು ಈಗ ನಾನು ಹೋಗತೊಡಗಿದೆ. ಕೊನೆಯ ಸಲ ಓದುತ್ತಿದ್ದಾಗ ಕಣ್ಣು ತೆರೆದರು.

“ಆ ಕಡೆ ಯಾರರ ಅದಾರೇನವಾ?”

“ಅದಾರ್ರಿ, ಕಾಕು.”

ನನ್ನನ್ನೇ ಅನುಮಾನದಿಂದ ನೋಡಿದರು. “ನನ್ನ ಸಮಾಧಾನಕ್ಕ ಹೇಳಬ್ಯಾಡ.”

“ನಾ ಯಾರ ಸಮಾಧಾನಕ್ಕರ ಹೇಳಾಕಿ ಏನ್ರಿ?”

“ಅದೂ ಖರೆ” ಎಂದು ನಕ್ಕರು. “ಓದು ಹಂಗಾರ.”

ಮರುದಿನ ಬೆಳಿಗ್ಗೆ ಕಾಕು ತೀರಿಹೋದರು. ಅವರು ಕೇಳದೆ ಹೋಗಿದ್ದರೆ, ನಾನು ಮತ್ತೆ ನಂಬಿದ್ದೇನೆ ಎಂಬುದು ನನಗೇ ಗೊತ್ತಾಗುತ್ತಿರಲಿಲ್ಲ.